‘ಕುಕೀ ಅಳಿಸಿ ನೋಡಿ’: ಒಂದು ಸಲಹೆಯ ಹಿಂದಿನ ಮೂವತ್ತು ವರ್ಷ

ದೂರದ ನಗರಗಳಲ್ಲಿ ನೆಲೆಸಿದವರಿಗೆ ಊರಿನಿಂದ ಬರುವ ಫೋನುಗಳಲ್ಲಿ ಈಚೆಗೆ ಒಂದು ಹೊಸ ವಿಷಯ ಸೇರಿಕೊಂಡಿದೆ. ಮಳೆ, ಬೆಳೆ, ಯಾರದೋ ಮದುವೆ, ಇನ್ಯಾರದೋ ಮಂಡಿನೋವು ಎಲ್ಲ ಮುಗಿದ ಮೇಲೆ, ‘ಅದಿರಲಿ, ಬ್ಯಾಂಕಿನ ಪುಟ ತೆಗೆದರೆ ಪಾಸ್‌ವರ್ಡ್ ಹಾಕಿದಷ್ಟೂ ಮತ್ತೆ ಮತ್ತೆ ಕೇಳ್ತಾ ಇದೆ, ಏನು ಮಾಡೋದು?’ ಎಂಬ ಪ್ರಶ್ನೆ ಬರುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತವರ ಬಾಯಲ್ಲಿ ಉತ್ತರವೂ ಸಿದ್ಧವಿರುತ್ತದೆ: ‘ಕ್ಯಾಶೆ, ಕುಕೀ ಎಲ್ಲ ಕ್ಲಿಯರ್ ಮಾಡಿ ನೋಡಿ.’ ಗ್ರಾಹಕ ಸೇವೆಯವರು ಹೇಳುವುದೂ ಇದನ್ನೇ. ಎಷ್ಟೋ ಸಲ ಇದು ಫಲಿಸುತ್ತದೆ. ಹಳೆಯ ರೇಡಿಯೋದ ನೆತ್ತಿಗೆ ಒಂದು ಏಟು ಕೊಟ್ಟರೆ ಹಾಡು ಶುರುವಾದ ಹಾಗೆ. ಏಕೆ ಫಲಿಸಿತು ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಕೇಳಿದರೆ ಸಿಗುವ ಉತ್ತರ ಬರೀ ತಾಂತ್ರಿಕವಲ್ಲ, ಅದೊಂದು ಚರಿತ್ರೆ. ಕುಕೀಗೆ ಸಂಬಂಧಿಸಿದ ಬಹುತೇಕ ತೊಂದರೆಗಳ ಬೆನ್ನಿಗೆ ಒಂದೊಂದು ಇಸವಿ ಅಂಟಿಕೊಂಡಿದೆ. ಇದು 1994ರ ಅವಸರದ್ದು, ಇದು 1997ರ ಸೋಲಿನದ್ದು, ಇದು 2020ರ ದುರಸ್ತಿಯದ್ದು ಎಂದು ಹೆಚ್ಚುಕಡಿಮೆ ಗುರುತಿಸಬಹುದು. ಈ ಬರಹ ಅಂಥದ್ದೊಂದು ಪ್ರಯತ್ನ.

ಜಿನೀವಾದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ರೂಪಿಸಿದಾಗ ಅದಕ್ಕೆ ನೆನಪಿನ ಶಕ್ತಿ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ವಿಜ್ಞಾನಿಯೊಬ್ಬ ಒಂದು ಪುಟ ಕೇಳುತ್ತಾನೆ, ಸರ್ವರ್ ಕೊಡುತ್ತದೆ, ಸಂಬಂಧ ಅಲ್ಲಿಗೆ ಮುಗಿಯಿತು. ಮರುಕ್ಷಣ ಅದೇ ಮನುಷ್ಯ ಇನ್ನೊಂದು ಪುಟ ಕೇಳಿದರೆ ಸರ್ವರ್‌ಗೆ ಅವನು ಅಪರಿಚಿತ. ಗ್ರಂಥಾಲಯದ ಕೆಲಸಕ್ಕೆ ಇದು ಸಾಕು. ಅಂಗಡಿಗೆ ಸಾಲದು. ಎರಡು ಪುಸ್ತಕ ಆರಿಸಿಟ್ಟು ಮೂರನೆಯದಕ್ಕೆ ಕೈಹಾಕಿದಾಗ ಅಂಗಡಿಯವನು ‘ನೀವ್ಯಾರು?’ ಎಂದು ಕೇಳಿದರೆ ವ್ಯಾಪಾರ ಹೇಗೆ ನಡೆದೀತು?

ಈ ಸಮಸ್ಯೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಮುಂದೆ ಬಂತು. ಆಗಿನ್ನೂ ಕೆಲವೇ ತಿಂಗಳ ಕೂಸಾಗಿದ್ದ ಆ ಕಂಪನಿಗೆ ಎಂಸಿಐ ಎಂಬ ದೂರಸಂಪರ್ಕ ಸಂಸ್ಥೆ ಆನ್‌ಲೈನ್ ಅಂಗಡಿಯ ಕೆಲಸ ಕೊಟ್ಟಿತ್ತು. ಎಂಸಿಐ ಪರವಾಗಿ ಮಾತಿಗೆ ಕುಳಿತವರಲ್ಲಿ ಇಂಟರ್‌ನೆಟ್ಟಿನ ಜನಕರಲ್ಲೊಬ್ಬರೆನಿಸಿದ ವಿಂಟ್ ಸರ್ಫ್ ಕೂಡ ಇದ್ದರು. ಅವರ ಬೇಡಿಕೆ ಇಷ್ಟೇ: ಅರ್ಧಕ್ಕೆ ನಿಂತ ಖರೀದಿಗಳ ಲೆಕ್ಕವನ್ನು ನಮ್ಮ ಸರ್ವರ್‌ಗಳಲ್ಲಿ ಹೊತ್ತುಕೊಂಡಿರಲು ಆಗುವುದಿಲ್ಲ, ಬೇರೆ ದಾರಿ ಹುಡುಕಿ. ನಮ್ಮ ಕಿರಾಣಿ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಉದ್ರಿ ಪುಸ್ತಕ ನಾವು ಇಟ್ಟುಕೊಳ್ಳುವುದಿಲ್ಲ, ಲೆಕ್ಕದ ಚೀಟಿ ಗಿರಾಕಿಯ ಜೇಬಿನಲ್ಲೇ ಇರಲಿ.

ಲೂ ಮಾಂಟುಲಿ ಎಂಬ ಇಪ್ಪತ್ಮೂರರ ಹುಡುಗ ಇದಕ್ಕೆ ಪರಿಹಾರ ಹುಡುಕಿದ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿದ್ದಾಗಲೇ ಲಿಂಕ್ಸ್ ಎಂಬ ಅಕ್ಷರಮಾತ್ರದ ಬ್ರೌಸರ್ ಕಟ್ಟಿದ್ದವರಲ್ಲಿ ಒಬ್ಬನಾಗಿದ್ದ ಅವನು ನೆಟ್‌ಸ್ಕೇಪಿನ ಮೊದಲ ಕೆಲಸಗಾರರ ಗುಂಪಿನವನು. ಯುನಿಕ್ಸ್ ಜಗತ್ತಿನಲ್ಲಿ ‘ಮ್ಯಾಜಿಕ್ ಕುಕೀ’ ಎಂಬ ಮಾತು ಮೊದಲೇ ಬಳಕೆಯಲ್ಲಿತ್ತು. ಒಂದು ಪ್ರೋಗ್ರಾಮು ಇನ್ನೊಂದಕ್ಕೆ ಕೊಟ್ಟು, ಆಮೇಲೆ ಹಾಗೇ ವಾಪಸು ಪಡೆಯುವ ಪುಟ್ಟ ಗುರುತಿಗೆ ಆ ಹೆಸರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯನ್ನು ನೆನಪಿಸಿಕೊಳ್ಳಿ. ಅದರ ಮೇಲಿನ 47ಕ್ಕೆ ನಿಮ್ಮ ಮಟ್ಟಿಗೆ ಅರ್ಥವೇನೂ ಇಲ್ಲ, ಅರ್ಥವಿರುವುದು ಬಿಲ್ಲೆ ಕೊಟ್ಟವನಿಗೆ ಮಾತ್ರ. ಕಳೆದುಕೊಂಡರೆ ಮಾತ್ರ ಬರಿಗಾಲಲ್ಲಿ ಮನೆಗೆ. ಕುಕೀ ಅಂದರೆ ಇಷ್ಟೇ. ಸರ್ವರ್ ಒಂದು ಸಾಲು ಬರಹ ಕೊಡುತ್ತದೆ, ಬ್ರೌಸರ್ ಅದನ್ನು ಎತ್ತಿಟ್ಟುಕೊಂಡು ಅದೇ ಸರ್ವರ್‌ಗೆ ಹೋದಾಗಲೆಲ್ಲ ತೋರಿಸುತ್ತದೆ.

ಇಲ್ಲಿ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಮಾಂಟುಲಿಯ ಮುಂದೆ ಇನ್ನೂ ಸುಲಭದ ದಾರಿಯೊಂದಿತ್ತು: ಪ್ರತಿ ಬ್ರೌಸರ್‌ಗೂ ಒಂದು ಶಾಶ್ವತ ಸಂಖ್ಯೆ ಕೊಟ್ಟು, ಹೋದಲ್ಲೆಲ್ಲ ಅದನ್ನು ತೋರಿಸುವಂತೆ ಮಾಡುವುದು. ಹಾಗೆ ಮಾಡಿದರೆ ಯಾರು ಎಲ್ಲೆಲ್ಲಿ ಓಡಾಡಿದರೆಂದು ಎಲ್ಲರಿಗೂ ತಿಳಿದುಬಿಡುತ್ತದೆ ಎಂಬ ಕಾರಣಕ್ಕೇ ಅದನ್ನು ಕೈಬಿಟ್ಟೆನೆಂದು ಅವನು 2013ರಲ್ಲಿ ಬರೆದುಕೊಂಡಿದ್ದಾನೆ. ಒಬ್ಬರ ಬಿಲ್ಲೆ ಇನ್ನೊಬ್ಬರಿಗೆ ಕಾಣಬಾರದು ಎಂಬುದು ಕುಕೀಯ ಹುಟ್ಟುಗುಣವಾಗಿತ್ತು. ಬೆನ್ನಟ್ಟುವಿಕೆಯನ್ನು ತಪ್ಪಿಸಲೆಂದು ಆರಿಸಿಕೊಂಡ ಸಾಧನವೇ ಬೆನ್ನಟ್ಟುವಿಕೆಯ ಇನ್ನೊಂದು ಹೆಸರಾಯಿತು. ಅದು ಹೇಗೆಂದು ಮುಂದೆ ನೋಡೋಣ.

1994ರ ಅಕ್ಟೋಬರ್ 13ರಂದು ಹೊರಬಂದ ನೆಟ್‌ಸ್ಕೇಪಿನ ಬೀಟಾ ಆವೃತ್ತಿಯಲ್ಲಿ ಕುಕೀ ಇತ್ತು. ಮೊದಲ ಬಳಕೆ ನೆಟ್‌ಸ್ಕೇಪಿನ ಸ್ವಂತ ಪುಟದಲ್ಲೇ, ಬಂದವರು ಹಿಂದೆ ಬಂದಿದ್ದರೇ ಎಂದು ತಿಳಿಯಲು. ಹೀಗೊಂದು ವಸ್ತು ತಮ್ಮ ಕಂಪ್ಯೂಟರಿನಲ್ಲಿ ಕೂತಿದೆಯೆಂದು ಬಳಕೆದಾರರಿಗೆ ಯಾರೂ ಹೇಳಲಿಲ್ಲ. ಮಾಂಟುಲಿ ಮತ್ತು ಜಾನ್ ಜಿಯಾನಂಡ್ರಿಯಾ ಸೇರಿ ಬರೆದ ವಿವರಣೆ ಕೆಲವೇ ಪುಟದ್ದು. ಒಂದು ಕುಕೀ 4 ಕಿಲೋಬೈಟ್ ಮೀರಬಾರದು, ಒಂದು ತಾಣಕ್ಕೆ 20, ಎಲ್ಲ ಸೇರಿ 300 ಎಂಬಂಥ ಮಿತಿಗಳು ಅದರಲ್ಲಿದ್ದವು. ಇಂದಿಗೂ ನಮ್ಮನ್ನು ಕಾಡುವ ಕೆಲವು ಲೋಪಗಳೂ ಇದ್ದವು.

ಮೊದಲನೆಯದು ಚುಕ್ಕಿಗಳ ಲೆಕ್ಕ. ಒಂದು ಕಂಪನಿಯ ಬೇರೆಬೇರೆ ಉಪತಾಣಗಳು ಒಂದೇ ಕುಕೀಯನ್ನು ಹಂಚಿಕೊಳ್ಳಬೇಕು, ಆದರೆ ‘.ಕಾಮ್’ ಎಂಬ ಇಡೀ ಲೋಕಕ್ಕೆ ಯಾರೂ ಕುಕೀ ಹಾಕುವಂತಿರಬಾರದು. ಇದಕ್ಕೆ ನೆಟ್‌ಸ್ಕೇಪ್ ಮಾಡಿದ ನಿಯಮ: ಕಾಮ್, ಆರ್ಗ್, ನೆಟ್ ಮೊದಲಾದ ಏಳಕ್ಕೆ ಹೆಸರಿನಲ್ಲಿ ಎರಡು ಚುಕ್ಕಿ ಇದ್ದರೆ ಸಾಕು, ಉಳಿದವಕ್ಕೆ ಮೂರು ಬೇಕು. ಅಮೆರಿಕದ ಮೇಜಿನ ಮೇಲೆ ಕುಳಿತು ಜಗತ್ತನ್ನು ನೋಡಿದರೆ ಹೀಗೇ ಕಾಣುವುದು. ನಮ್ಮ ‘.ಕೋ.ಇನ್’ ಹೆಸರುಗಳಿಗೆ ಈ ನಿಯಮ ಹೇಗೋ ಹೊಂದುತ್ತದೆ. ಆದರೆ 2005ರಲ್ಲಿ ‘.ಇನ್’ ಅಡಿಯಲ್ಲಿ ನೇರವಾಗಿ ಹೆಸರು ಪಡೆಯುವ ಅವಕಾಶ ಎಲ್ಲರಿಗೂ ತೆರೆದಾಗ, ಇದನ್ನು ಅಕ್ಷರಶಃ ಪಾಲಿಸಿದ್ದರೆ ಆ ತಾಣಗಳಿಗೆ ಹಂಚಿಕೆಯ ಕುಕೀಯೇ ಸಾಧ್ಯವಿರುತ್ತಿರಲಿಲ್ಲ. ಸೂತ್ರದಿಂದ ಇದನ್ನು ಬಗೆಹರಿಸಲು ಸಾಧ್ಯವೇ ಇಲ್ಲವೆಂದು ಕೊನೆಗೆ ಒಪ್ಪಿಕೊಂಡು ಮೊಜಿಲ್ಲಾದವರು ಕೈಯಾರೆ ಒಂದು ಪಟ್ಟಿ ಮಾಡಿದರು. ಎಲ್ಲಿ ಯಾವ ದೇಶದ ಯಾವ ಬಾಲ ‘ಸಾರ್ವಜನಿಕ’ ಎಂದು ಒಂದೊಂದಾಗಿ ಬರೆದ ಪಟ್ಟಿ ಅದು. 2008ರ ಫೈರ್‌ಫಾಕ್ಸ್ 3 ಅದನ್ನು ಬಳಸಿತು. ಕೋ.ಇನ್, ಎಸಿ.ಇನ್, ಗವ್.ಇನ್, ನಿಕ್.ಇನ್ ಎಲ್ಲ ಅದರಲ್ಲಿವೆ. ಇವತ್ತಿನ ಬ್ರೌಸರ್‌ಗಳ ಕುಕೀ ಸುರಕ್ಷತೆಯ ಒಂದು ಮುಖ್ಯ ಕಂಬ ಹೀಗೆ ಒಂದು ಸಾದಾ ಪಠ್ಯದ ಕಡತ.

ಎರಡನೆಯದು ಗಡಿಯಾರ. ಕುಕೀ ಯಾವ ದಿನ ಸಾಯಬೇಕೆಂದು ಸರ್ವರ್ ಒಂದು ದಿನಾಂಕ ಬರೆದು ಕೊಡುತ್ತದೆ. ಆ ದಿನಾಂಕವನ್ನು ಬ್ರೌಸರ್ ಹೋಲಿಸಿ ನೋಡುತ್ತಿದ್ದುದು ನಿಮ್ಮ ಯಂತ್ರದ ಗಡಿಯಾರದೊಂದಿಗೆ. ಅದು ಮುಂದಿದ್ದರೆ ಕುಕೀ ಹುಟ್ಟುವಾಗಲೇ ಸತ್ತಿರುತ್ತದೆ. ಪಾಸ್‌ವರ್ಡ್ ಸರಿ, ಲಾಗಿನ್ ಸರಿ, ಮುಂದಿನ ಪುಟಕ್ಕೆ ಹೋದರೆ ಮತ್ತೆ ಅಪರಿಚಿತ. ದಿನಾಂಕದ ಬದಲು ‘ಇಷ್ಟು ಸೆಕೆಂಡು ಬದುಕಲಿ’ ಎಂದು ಹೇಳುವ ದಾರಿ 1997ರಲ್ಲೇ ಬಂದರೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತನ್ನ ಒಂಬತ್ತನೆಯ ಆವೃತ್ತಿಯವರೆಗೆ ಅದನ್ನು ಅರಿಯಲೇ ಇಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಲಾಗಿನ್ ನಿಲ್ಲುತ್ತಿಲ್ಲವೆಂದರೆ ಮೊದಲು ಮೂಲೆಯಲ್ಲಿರುವ ದಿನಾಂಕ ನೋಡಿ ಎಂದು ಅನುಭವಸ್ಥರು ಹೇಳುವುದು ಈ ಕಾರಣಕ್ಕೆ.

ಮೂರನೆಯದು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ. ಕುಕೀಗೆ ‘ಅಳಿಸು’ ಎಂಬ ಆಜ್ಞೆಯೇ ಇಲ್ಲ. ಅಳಿಸಬೇಕಾದರೆ ಸರ್ವರ್ ಅದೇ ಹೆಸರಿನ, ಅದೇ ತಾಣದ, ಅದೇ ಹಾದಿಯ ಇನ್ನೊಂದು ಕುಕೀಯನ್ನು ಹಿಂದಿನ ಯಾವುದೋ ದಿನಾಂಕದೊಂದಿಗೆ, ಹೆಚ್ಚಾಗಿ 1970ರ ಜನವರಿ 1 ಎಂದು ಬರೆದು, ಕಳಿಸಬೇಕು. ಅದನ್ನು ನೋಡಿ ಬ್ರೌಸರ್ ಎರಡನ್ನೂ ಎಸೆಯುತ್ತದೆ. ತಾಣ ಅಥವಾ ಹಾದಿ ಒಂದಿಷ್ಟು ಬದಲಾದರೂ ಹಳೆಯದು ಅಲ್ಲೇ ಉಳಿಯಿತು. ಇನ್ನೊಂದು ತಮಾಷೆ ಇದೆ. ಬ್ರೌಸರ್ ಕುಕೀಯನ್ನು ಮರಳಿ ತೋರಿಸುವಾಗ ಹೆಸರು ಮತ್ತು ಬೆಲೆ ಮಾತ್ರ ಹೇಳುತ್ತದೆ. ಯಾರು ಕೊಟ್ಟದ್ದು, ಯಾವಾಗ, ಯಾವ ಹಾದಿಗೆ ಎಂಬುದನ್ನು ಹೇಳುವುದಿಲ್ಲ. ಒಂದೇ ಹೆಸರಿನ ಎರಡು ಕುಕೀಗಳಿದ್ದರೆ ಎರಡನ್ನೂ ಕಳಿಸುತ್ತದೆ. ಹಾದಿ ಸಮವಾಗಿದ್ದರೆ, ಮೊದಲು ಹುಟ್ಟಿದ್ದು ಮೊದಲು.

ಈಗ ಊರಿನಿಂದ ಬಂದ ಆ ಪ್ರಶ್ನೆಗೆ ಮರಳೋಣ. ಒಂದು ಸಂಸ್ಥೆ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿಸುತ್ತದೆ. ಹಳೆಯ ತಾಣ ಒಂದು ಕುಕೀಯನ್ನು ಇಡೀ ಹೆಸರಿಗೆ ಹಾಕಿತ್ತು. ಹೊಸದು ಅದೇ ಹೆಸರಿನ ಕುಕೀಯನ್ನು ಉಪತಾಣಕ್ಕೆ ಹಾಕುತ್ತದೆ. ನೀವು ಲಾಗಿನ್ ಆಗುತ್ತೀರಿ, ಹೊಸ ಬಿಲ್ಲೆ ಸಿಗುತ್ತದೆ. ಮುಂದಿನ ಪುಟದಲ್ಲಿ ಬ್ರೌಸರ್ ಎರಡೂ ಬಿಲ್ಲೆ ಚಾಚುತ್ತದೆ, ಹಳೆಯದು ಮುಂದೆ. ಸರ್ವರ್ ಮೊದಲನೆಯದನ್ನು ಓದಿ ‘ಇದು ಅವಧಿ ಮೀರಿದ್ದು, ಮತ್ತೆ ಲಾಗಿನ್ ಆಗಿ’ ಎನ್ನುತ್ತದೆ. ಇದು ಕೊನೆಯಿಲ್ಲದೆ ಸುತ್ತುತ್ತದೆ. ನೀವು ಪಾಸ್‌ವರ್ಡ್ ತಪ್ಪಿರಬೇಕೆಂದು ಅದನ್ನು ಬದಲಿಸುತ್ತೀರಿ. ಆಗಲೂ ಅದೇ. ‘ಕುಕೀ ಅಳಿಸಿ’ ಎಂಬ ಸಲಹೆ ಫಲಿಸುವುದು ಇಲ್ಲಿ. ಸರ್ವರ್‌ಗೆ ಕಾಣದ, ಹಾಗಾಗಿ ಅಳಿಸಲಾಗದ ಹಳೆಯ ಬಿಲ್ಲೆಯನ್ನು ನೀವೇ ಕೈಯಾರೆ ಎಸೆದಿರಿ. ತಪ್ಪು ಅವರದು, ಕಸ ಗುಡಿಸಿದವರು ನೀವು.

ಎಲ್ಲವನ್ನೂ ಅಳಿಸುವ ಅಗತ್ಯ ಮಾತ್ರ ಇರಲಿಲ್ಲ. ಎಲ್ಲ ಅಳಿಸಿದರೆ ಎಲ್ಲ ತಾಣಗಳಿಂದಲೂ ಹೊರಬೀಳುತ್ತೀರಿ. ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಟ್ಟು ಆ ಡೈರಿಯನ್ನು ಎಲ್ಲಿಟ್ಟೆನೆಂದು ಮರೆತವರಿಗೆ ಇದು ಸಣ್ಣ ಶಿಕ್ಷೆಯಲ್ಲ. ವಿಳಾಸದ ಪಟ್ಟಿಯ ಎಡಗಡೆ ಇರುವ ಗುರುತನ್ನು ಒತ್ತಿದರೆ ಆ ಒಂದು ತಾಣದ ಕುಕೀಗಳನ್ನು ಮಾತ್ರ ತೆಗೆಯಲು ಬಹುತೇಕ ಬ್ರೌಸರ್‌ಗಳಲ್ಲಿ ದಾರಿಯಿದೆ. ಅದಕ್ಕೂ ಮೊದಲು ಖಾಸಗಿ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡುವುದು ಒಳ್ಳೆಯದು. ಅಲ್ಲಿ ಹಳೆಯ ಬಿಲ್ಲೆಗಳಿರುವುದಿಲ್ಲ. ಅಲ್ಲಿ ಸರಿಹೋದರೆ ದೋಷ ಹಳೆಯ ಕುಕೀಯದ್ದು ಅಥವಾ ನೀವು ಹಾಕಿಕೊಂಡ ಯಾವುದೋ ಎಕ್ಸ್‌ಟೆನ್ಶನ್ನಿನದ್ದು. ಅಲ್ಲೂ ಸರಿಹೋಗದಿದ್ದರೆ ಗಡಿಯಾರ ನೋಡಿ. ಅದೂ ಸರಿಯಿದ್ದರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ, ಅದು ಅವರ ಮನೆಯ ರಗಳೆ. ‘ರಿಕ್ವೆಸ್ಟ್ ಹೆಡರ್ ಆರ್ ಕುಕೀ ಟೂ ಲಾರ್ಜ್’ ಎಂದು ಬಿಳಿ ಪುಟದಲ್ಲಿ ಬಂದರೆ ಮಾತ್ರ ಅನುಮಾನ ಬೇಡ. ಒಂದೇ ತಾಣ ಕೊಟ್ಟ ಬಿಲ್ಲೆಗಳು ಕೂಡಿ ಕೂಡಿ, ಪ್ರತಿ ಸಲವೂ ಹೊತ್ತೊಯ್ಯುವ ಆ ಹೊರೆ ಸರ್ವರ್ ಸ್ವೀಕರಿಸುವ ಮಿತಿ ದಾಟಿದೆ. ಆ ತಾಣದ್ದನ್ನು ತೆಗೆದರೆ ಸಾಕು.

ಇನ್ನು ಜಗಳದ ಕಥೆ. ಒಂದು ಪುಟದಲ್ಲಿ ಕಾಣುವ ಚಿತ್ರಗಳೆಲ್ಲ ಅದೇ ಸರ್ವರ್‌ನಿಂದ ಬರಬೇಕೆಂದೇನಿಲ್ಲ. ಬೇರೆ ಸರ್ವರ್‌ನಿಂದ ಬಂದ ಚಿತ್ರವೂ ತನ್ನದೊಂದು ಕುಕೀ ಇಡಬಹುದು. ಇದನ್ನು ಜಾಹೀರಾತಿನವರು ಬಹಳ ಬೇಗ ಗಮನಿಸಿದರು. ಪತ್ರಿಕೆಯ ಪುಟದಲ್ಲೂ ಔಷಧದ ಪುಟದಲ್ಲೂ ಪ್ರವಾಸದ ಪುಟದಲ್ಲೂ ಒಂದೇ ಕಂಪನಿಯ ಜಾಹೀರಾತು ಚಿತ್ರವಿದ್ದರೆ, ಆ ಕಂಪನಿ ತಾನೇ ಕೊಟ್ಟ ಬಿಲ್ಲೆಯನ್ನು ಮೂರೂ ಕಡೆ ಓದಿ ಒಬ್ಬನೇ ಮನುಷ್ಯನ ಓಡಾಟವನ್ನು ಜೋಡಿಸಬಹುದು. ಮಾಂಟುಲಿ ಮುಂಬಾಗಿಲಿಗೆ ಹಾಕಿದ್ದ ಬೀಗ ಗಟ್ಟಿಯಾಗಿಯೇ ಇತ್ತು. ಹಿತ್ತಲಿಗೆ ಗೋಡೆಯೇ ಇರಲಿಲ್ಲ.

1996ರ ಫೆಬ್ರವರಿ 12ರಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಕುಕೀ ಬಗ್ಗೆ ಬರೆದಾಗ ಸಾಮಾನ್ಯ ಜನಕ್ಕೆ ಇದು ಮೊದಲು ತಿಳಿಯಿತು. ಗದ್ದಲವಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996 ಮತ್ತು 1997ರಲ್ಲಿ ವಿಚಾರಣೆ ನಡೆಸಿತು. ನೆಟ್‌ಸ್ಕೇಪಿನೊಳಗೆ ಮಾಂಟುಲಿಯ ಮುಂದೆ ಆಯ್ಕೆಯಿತ್ತು: ಹೊರಗಿನವರ, ಅಂದರೆ ಮೂರನೆಯವರ, ಕುಕೀಗಳನ್ನು ನಿಲ್ಲಿಸಿಬಿಡುವುದು. ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಜಾಹೀರಾತಿನವರು ಬಳಕೆದಾರನಿಗೆ ಕಾಣದ, ಅಳಿಸಲೂ ಆಗದ ಇನ್ನೊಂದು ದಾರಿ ಹುಡುಕುತ್ತಾರೆ, ಇದಾದರೋ ಕಣ್ಣಿಗೆ ಕಾಣುತ್ತದೆ, ಅಳಿಸಬಹುದು ಎಂಬುದು ಅವನ ವಾದ. ಆ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬ್ರೌಸರಿನ ಗಾತ್ರ, ಅಕ್ಷರಶೈಲಿಗಳ ಪಟ್ಟಿ ಮೊದಲಾದವನ್ನು ಕೂಡಿಸಿ ಗುರುತು ಹಿಡಿಯುವ ವಿದ್ಯೆ ಮುಂದೆ ಬಂದದ್ದು ನಿಜ. ಆದರೆ ‘ಅಳಿಸಬಹುದು’ ಎಂಬ ಮಾತಿನಲ್ಲಿ ಅಳಿಸುವ ಹೊಣೆ ಯಾರ ಮೇಲೆ ಬಿತ್ತೆಂಬುದನ್ನೂ ಗಮನಿಸಬೇಕು.

ಅದೇ ವೇಳೆಗೆ ಇಂಟರ್‌ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್‌ನಲ್ಲಿ ಬೆಲ್ ಲ್ಯಾಬ್ಸಿನ ಡೇವಿಡ್ ಕ್ರಿಸ್ಟಲ್ ಎಂಬುವರ ಮುಂದಾಳತ್ವದಲ್ಲಿ ಕುಕೀಗೊಂದು ಅಧಿಕೃತ ಮಾನಕ ತಯಾರಾಗುತ್ತಿತ್ತು. 1997ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 2109 ಎಂಬ ಸಂಖ್ಯೆಯಲ್ಲಿ ಅದು ಪ್ರಕಟವಾಯಿತು. ಮೂರನೆಯವರ ಕುಕೀಗಳನ್ನು ಬ್ರೌಸರ್ ತಾನಾಗಿ ಒಪ್ಪಬಾರದು, ಬೇಕೆಂದವರು ತಾವೇ ತೆರೆದುಕೊಳ್ಳಲಿ ಎಂಬುದು ಅದರ ನಿಲುವು. ಜಾಹೀರಾತು ಕಂಪನಿಗಳು ಪ್ರತಿಭಟಿಸಿದವು. ನೆಟ್‌ಸ್ಕೇಪಾಗಲಿ ಮೈಕ್ರೋಸಾಫ್ಟಾಗಲಿ ಪಾಲಿಸಲಿಲ್ಲ. ವಿಚಿತ್ರವೆಂದರೆ ಆ ಮಾನಕದ ಮೇಲೆ ಕ್ರಿಸ್ಟಲ್ ಅವರ ಜೊತೆ ಲೇಖಕನಾಗಿ ಮಾಂಟುಲಿಯ ಹೆಸರೂ ಇದೆ. 2000ದ ಅಕ್ಟೋಬರಿನಲ್ಲಿ ತಿದ್ದಿದ ಮಾನಕ ಬಂತು, ಅದನ್ನೂ ಯಾರೂ ಕೇಳಲಿಲ್ಲ. 2011ರಲ್ಲಿ ಆಡಮ್ ಬಾರ್ತ್ ಬರೆದ ಆರ್‌ಎಫ್‌ಸಿ 6265 ಆದರ್ಶವನ್ನು ಬಿಟ್ಟು, ಬ್ರೌಸರ್‌ಗಳು ನಿಜಕ್ಕೂ ಏನು ಮಾಡುತ್ತಿವೆಯೋ ಅದನ್ನೇ ಬರೆದಿಟ್ಟಿತು. ಕುಕೀಗೆ ಚರಿತ್ರೆಯಿಂದ ಬಂದ ಅವಲಕ್ಷಣಗಳು ಬಹಳವಿವೆಯೆಂದು ಅದು ಮೊದಲಲ್ಲೇ ಒಪ್ಪಿಕೊಳ್ಳುತ್ತದೆ.

ಆ 1997ರ ಒಂದು ಸಾಲಿನ ನಿಯಮ ಪಾಲನೆಯಾಗಿದ್ದರೆ ಏನಾಗುತ್ತಿತ್ತು? ಜಾಹೀರಾತಿನ ಬೆನ್ನಟ್ಟುವಿಕೆ ಪೂರ್ತಿ ತಪ್ಪುತ್ತಿತ್ತೆಂದು ನನಗನಿಸುವುದಿಲ್ಲ. ಆದರೆ ತಾಣಗಳೆಲ್ಲ ಮೊದಲ ದಿನದಿಂದಲೇ ಮೂರನೆಯವರ ಕುಕೀ ಇಲ್ಲದೆ ಕೆಲಸ ಮಾಡುವಂತೆ ಕಟ್ಟಲ್ಪಡುತ್ತಿದ್ದವು. ಇವತ್ತು ಒಂದು ತಾಣದೊಳಗೆ ಹುದುಗಿಸಿದ ಇನ್ನೊಂದು ತಾಣದ ಲಾಗಿನ್, ಪಾವತಿ, ವಿಡಿಯೋ ಪೆಟ್ಟಿಗೆಗಳು ಸಫಾರಿಯಲ್ಲಿ ಕೈಕೊಟ್ಟು ಕ್ರೋಮಿನಲ್ಲಿ ನಡೆಯುವ ರಗಳೆ ಬಹುಮಟ್ಟಿಗೆ ತಪ್ಪುತ್ತಿತ್ತು.

ನಡುವಿನ ಕೆಲವನ್ನು ಬೇಗ ದಾಟುತ್ತೇನೆ. 1996ರ ನೆಟ್‌ಸ್ಕೇಪ್ 3ರಲ್ಲಿ ಪ್ರತಿ ಕುಕೀಗೂ ಒಪ್ಪಿಗೆ ಕೇಳುವ ಆಯ್ಕೆ ಇತ್ತು. ಹಾಕಿಕೊಂಡವರು ಒಂದೇ ಪುಟಕ್ಕೆ ಹತ್ತು ಸಲ ಗುಂಡಿ ಒತ್ತಿ, ಬೇಸತ್ತು ತೆಗೆದರು. 2001ರಲ್ಲಿ ಮೈಕ್ರೋಸಾಫ್ಟ್ ಒಂದು ಸುರಕ್ಷತಾ ತೇಪೆ ಹಾಕಿತು. ಆಮೇಲೆ ಹೆಸರಿನಲ್ಲಿ ಅಡಿಗೆರೆ ಇರುವ ಸರ್ವರ್‌ಗಳ ಕುಕೀಗಳನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಪ್ಪುವುದನ್ನೇ ಬಿಟ್ಟಿತು. ಆಫೀಸಿನೊಳಗಿನ ಸರ್ವರ್‌ಗೆ ಅಡಿಗೆರೆಯ ಹೆಸರಿಟ್ಟವರಿಗೆ, ಲಾಗಿನ್ ಬೇರೆಲ್ಲ ಕಡೆ ನಡೆದು ಇಲ್ಲಿ ಮಾತ್ರ ನಡೆಯದಿರುವ ಒಗಟು ಉಳಿಯಿತು. ಅದೇ ವರ್ಷದ ಆರನೆಯ ಆವೃತ್ತಿ, ತಮ್ಮ ಖಾಸಗಿತನದ ನೀತಿಯನ್ನು ಯಂತ್ರಕ್ಕೆ ಓದಲಾಗುವ ಸಂಕೇತದಲ್ಲಿ ಹೇಳದ ಮೂರನೆಯವರ ಕುಕೀಗಳನ್ನು ತಡೆಯಿತು. ತಾಣಗಳೇನು ಮಾಡಿದವು? ಅರ್ಥವಿರಲಿ ಬಿಡಲಿ, ಯಾವುದೋ ಸಂಕೇತ ಅಂಟಿಸಿದವು. ಬ್ರೌಸರ್ ಅದು ನಿಜವೇ ಎಂದು ನೋಡುತ್ತಿರಲಿಲ್ಲ.

2010ರ ಅಕ್ಟೋಬರ್ ಮಾತ್ರ ನಿಂತು ನೋಡಬೇಕಾದ ತಿಂಗಳು. ಎರಿಕ್ ಬಟ್ಲರ್ ಎಂಬಾತ ಫೈರ್‌ಶೀಪ್ ಎಂಬ ಪುಟ್ಟ ಸಾಧನವೊಂದನ್ನು ಬಿಡುಗಡೆ ಮಾಡಿದ. ಕಾಫಿ ಅಂಗಡಿಯ ತೆರೆದ ವೈಫೈನಲ್ಲಿ ಕೂತು ಅದನ್ನು ಚಾಲೂ ಮಾಡಿದರೆ, ಅದೇ ವೈಫೈನಲ್ಲಿರುವ ಇತರರ ಲಾಗಿನ್ ಕುಕೀಗಳು ಸಿಗುತ್ತಿದ್ದವು. ಕ್ಲಿಕ್ ಮಾಡಿದರೆ ನೀವು ಅವರೇ. ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಕಳಿಸುತ್ತಿದ್ದ ತಾಣಗಳು ಬಿಲ್ಲೆಯನ್ನು ಮಾತ್ರ ಬಯಲಲ್ಲಿ ಕಳಿಸುತ್ತಿದ್ದವು. ಚಪ್ಪಲಿ ಬಿಲ್ಲೆ ಯಾರ ಕೈಯಲ್ಲಿದ್ದರೂ ಚಪ್ಪಲಿ ಸಿಗುತ್ತದಲ್ಲ, ಹಾಗೆ. ಬಟ್ಲರ್‌ನ ಉದ್ದೇಶ ದೊಡ್ಡ ತಾಣಗಳನ್ನು ನಾಚಿಸುವುದಾಗಿತ್ತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಅವು ಒಂದೊಂದಾಗಿ ಇಡೀ ತಾಣವನ್ನು ಗೂಢಲಿಪಿಗೆ ಒಳಪಡಿಸಿದವು. ಸೈಬರ್ ಕೆಫೆಯಲ್ಲಿ ಇಮೇಲ್ ನೋಡಿ ‘ಲಾಗೌಟ್’ ಒತ್ತದೆ ಎದ್ದು ಬಂದ ತಲೆಮಾರಿಗೆ ಈ ಭಯ ಬಿಡಿಸಿ ಹೇಳಬೇಕಿಲ್ಲ. ಎದ್ದವರ ಬಿಲ್ಲೆ ಮುಂದೆ ಕೂತವರ ಕೈಗೆ ಬರುತ್ತಿತ್ತು.

ಇನ್ನೊಂದು ಕಳ್ಳತನವಿತ್ತು, ಬಿಲ್ಲೆ ಕದಿಯದೆ ಮಾಡುವಂಥದ್ದು. ನೀವು ಬ್ಯಾಂಕಿಗೆ ಲಾಗಿನ್ ಆಗಿದ್ದೀರಿ. ಅದೇ ಹೊತ್ತಿಗೆ ತೆರೆದ ಇನ್ನೊಂದು ಪುಟ ನಿಮಗೆ ತಿಳಿಯದಂತೆ ಬ್ಯಾಂಕಿಗೆ ಒಂದು ಕೋರಿಕೆ ಕಳಿಸುತ್ತದೆ. ಬ್ರೌಸರ್ ವಿಧೇಯವಾಗಿ ನಿಮ್ಮ ಬಿಲ್ಲೆಯನ್ನು ಅದಕ್ಕೂ ಲಗತ್ತಿಸುತ್ತದೆ. ಇದನ್ನು ತಡೆಯಲು ‘ಸೇಮ್‌ಸೈಟ್’ ಎಂಬ ಗುಣವನ್ನು 2016ರಲ್ಲಿ ಕ್ರೋಮ್ 51 ತಂದಿತು: ಈ ಕುಕೀಯನ್ನು ಬೇರೆ ತಾಣದಿಂದ ಹೊರಟ ಕೋರಿಕೆಗೆ ಲಗತ್ತಿಸಬೇಡ. ಬಳಸುವುದು ಬಿಡುವುದು ತಾಣದವರ ಇಷ್ಟ. ಸಹಜವಾಗಿಯೇ ಬಹಳ ಮಂದಿ ಬಳಸಲಿಲ್ಲ. 2020ರ ಫೆಬ್ರವರಿಯ ಕ್ರೋಮ್ 80ರಿಂದ ಗೂಗಲ್ ಆಟದ ನಿಯಮವನ್ನೇ ತಿರುಗಿಸಿತು. ಏನೂ ಹೇಳದಿದ್ದರೆ ತಡೆ ಇದೆಯೆಂದೇ ಅರ್ಥ, ಬೇಡವೆಂದರೆ ಬಾಯಿಬಿಟ್ಟು ‘ನನ್’ ಎಂದು ಬರೆಯಿರಿ.

ನಮ್ಮ ಆನ್‌ಲೈನ್ ಪಾವತಿಯ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. ಹಾಗಾಗಿ ಅಂಗಡಿಯ ತಾಣದಿಂದ ಬ್ಯಾಂಕಿನ ಪುಟಕ್ಕೆ ಹೋಗಿ, ಒಟಿಪಿಗೆ ಕಾದು, ಅದನ್ನು ಒತ್ತಿ, ಅಲ್ಲಿಂದ ಅಂಗಡಿಗೆ ಮರಳುವುದು ನಮಗೆ ಉಸಿರಾಟದಷ್ಟೇ ಸಹಜ. ಆ ಮರಳುವ ಹೆಜ್ಜೆ ಬೇರೆ ತಾಣದಿಂದ ಹೊರಟ ಕೋರಿಕೆ. ‘ಪೋಸ್ಟ್’ ರೂಪದಲ್ಲಿ ಬಂದರೆ ಹೊಸ ನಿಯಮದ ಪ್ರಕಾರ ಅಂಗಡಿಯ ಬಿಲ್ಲೆ ಜೊತೆಗೆ ಹೋಗುವುದಿಲ್ಲ. ಬ್ಯಾಂಕಿನಲ್ಲಿ ದುಡ್ಡು ಹೋಯಿತು, ಅಂಗಡಿ ಮಾತ್ರ ‘ನೀವ್ಯಾರು?’ ಎನ್ನುತ್ತದೆ. ಇದನ್ನು ಊಹಿಸಿಯೇ ಕ್ರೋಮಿನವರು ಒಂದು ತಾತ್ಕಾಲಿಕ ರಿಯಾಯಿತಿ ಕೊಟ್ಟಿದ್ದರು: ಏನೂ ಹೇಳದ ಕುಕೀ ಹುಟ್ಟಿ ಎರಡು ನಿಮಿಷದೊಳಗಿದ್ದರೆ ಅಂಥ ಮರಳುವಿಕೆಗೆ ಲಗತ್ತಿಸಬಹುದು. ಎರಡು ನಿಮಿಷ! ಒಟಿಪಿ ಬರಲೆಂದು ಫೋನನ್ನು ಕಿಟಕಿಯ ಬಳಿ ಹಿಡಿದು ನಿಂತವರಿಗೆ ಆ ಅಳತೆ ಎಷ್ಟು ಚಿಕ್ಕದೆಂದು ಗೊತ್ತು.

ಸರಿಪಡಿಸಲು ಹೊರಟ ತಾಣದವರಿಗೆ ಇನ್ನೊಂದು ಕಂದಕ ಕಾದಿತ್ತು. ‘ನನ್’ ಎಂದು ಬರೆದರೆ ಹೊಸ ಕ್ರೋಮ್ ಒಪ್ಪುತ್ತದೆ. ಆದರೆ ಐಫೋನಿನ ಐಓಎಸ್ 12ರ ಸಫಾರಿ ಅರ್ಥವಾಗದ ಪದ ಕಂಡರೆ ಅದನ್ನು ಅತಿ ಕಟ್ಟುನಿಟ್ಟೆಂದೇ ತಿಳಿಯುತ್ತಿತ್ತು. ಕ್ರೋಮಿನದೇ 51ರಿಂದ 66ರವರೆಗಿನ ಆವೃತ್ತಿಗಳು ಅಂಥ ಕುಕೀಯನ್ನು ಎಸೆದೇಬಿಡುತ್ತಿದ್ದವು. ಹಾಗಾಗಿ ಬಂದವರ ಬ್ರೌಸರ್ ಯಾವುದು, ಎಷ್ಟನೆಯದು ಎಂದು ನೋಡಿ ಬೇರೆಬೇರೆ ಮಾತು ಹೇಳಬೇಕಾಯಿತು. ಹಳೆಯ ಫೋನಿನಲ್ಲಿ ಪಾವತಿ ನಡೆಯದೆ ಹೊಸದರಲ್ಲಿ ನಡೆದರೆ, ಅಥವಾ ಇದರ ಉಲ್ಟಾ ಆದರೆ, ಎಷ್ಟು ಕುಕೀ ಅಳಿಸಿದರೂ ಪ್ರಯೋಜನವಿಲ್ಲ. ಅಪ್‌ಡೇಟ್ ಆಗುವುದಾದರೆ ಬ್ರೌಸರನ್ನು ಅಪ್‌ಡೇಟ್ ಮಾಡುವುದು, ಇಲ್ಲವಾದರೆ ಬೇರೆ ಬ್ರೌಸರ್ ಬಳಸುವುದು ಇಷ್ಟೇ ದಾರಿ.

ಆ ಬದಲಾವಣೆ ಹಂತಹಂತವಾಗಿ ಜಾರಿಯಾಗುತ್ತಿದ್ದಾಗ ಕೋವಿಡ್ ಬಂತು. ನಮ್ಮಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್. ಏಪ್ರಿಲ್ ಮೊದಲ ವಾರ ಗೂಗಲ್ ತಾನು ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡಿತು. ಬ್ಯಾಂಕು, ದಿನಸಿ, ಸರ್ಕಾರ, ಆರೋಗ್ಯದ ತಾಣಗಳು ಈ ಹೊತ್ತಿನಲ್ಲಿ ಮುರಿಯಬಾರದೆಂಬುದು ಅವರು ಕೊಟ್ಟ ಕಾರಣ. ಜುಲೈ 14ರಿಂದ ಮತ್ತೆ ಜಾರಿಗೆ ತಂದರು. ಒಂದು ಸಾಲಿನ ಬರಹಕ್ಕೆ ಸಂಬಂಧಿಸಿದ ನಿಯಮವನ್ನು ಮಹಾಮಾರಿಯೊಂದು ಮೂರು ತಿಂಗಳು ತಡೆಹಿಡಿಯಿತು ಎಂಬುದನ್ನು ಓದಿದಾಗ, ಈ ಚೀಟಿಗಳ ಮೇಲೆ ನಾವು ಎಷ್ಟನ್ನು ನಿಲ್ಲಿಸಿದ್ದೇವೆಂದು ನನಗೆ ಮೊದಲ ಬಾರಿ ಸರಿಯಾಗಿ ಹೊಳೆಯಿತು.

ಮೂರನೆಯವರ ಕುಕೀಗಳ ಕಥೆ ಕೊನೆಗೊಳ್ಳಲು ಇನ್ನೂ ಹೆಣಗುತ್ತಿದೆ. ಸಫಾರಿ ಆರಂಭದ ದಿನಗಳಿಂದಲೂ ಅವುಗಳಿಗೆ ಅಡ್ಡಿ ಒಡ್ಡುತ್ತ ಬಂದು, 2020ರ ಮಾರ್ಚ್‌ನಲ್ಲಿ ಪೂರ್ತಿ ನಿಲ್ಲಿಸಿತು. ಅದರ ಅಡ್ಡಿಯನ್ನು ತಪ್ಪಿಸಿ ನುಸುಳಿದ್ದಕ್ಕೆ 2012ರಲ್ಲಿ ಗೂಗಲ್ 2.25 ಕೋಟಿ ಡಾಲರ್ ದಂಡ ಕಟ್ಟಿತ್ತು. ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣಕ್ಕೂ ಬೇರೆಬೇರೆ ಕುಕೀ ಡಬ್ಬಿ ಇಟ್ಟಿತು. ಗೂಗಲ್ 2020ರ ಜನವರಿಯಲ್ಲಿ ಎರಡು ವರ್ಷದೊಳಗೆ ಕ್ರೋಮಿನಿಂದ ತೆಗೆಯುತ್ತೇನೆಂದಿತು. ಆಮೇಲೆ 2023 ಎಂದಿತು, 2024 ಎಂದಿತು, 2025 ಎಂದಿತು. 2024ರ ಜುಲೈನಲ್ಲಿ ತೆಗೆಯುವುದಿಲ್ಲ, ಬಳಕೆದಾರರನ್ನೇ ಕೇಳುತ್ತೇವೆ ಎಂದಿತು. 2025ರ ಏಪ್ರಿಲ್‌ನಲ್ಲಿ ಕೇಳುವುದೂ ಇಲ್ಲವೆಂದಿತು. 1997ರಲ್ಲಿ ಕ್ರಿಸ್ಟಲ್ ಅವರ ಸಮಿತಿ ಬರೆದ ಮಾತು ಎರಡು ಬ್ರೌಸರ್‌ಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ ಜಾರಿಯಾಯಿತು. ಎಲ್ಲಕ್ಕಿಂತ ಹೆಚ್ಚು ಜನ ಬಳಸುವ ಮೂರನೆಯದರಲ್ಲಿ ಆಗಲಿಲ್ಲ.

ಒಪ್ಪಿಗೆಯ ಪಟ್ಟಿಗಳು ಯೂರೋಪಿನ ಕೊಡುಗೆ. 2009ರಲ್ಲಿ ತಿದ್ದಿದ ಅಲ್ಲಿನ ನಿರ್ದೇಶನ ಒಪ್ಪಿಗೆ ಬೇಕೆಂದಿತು, 2018ರ ಮೇ 25ರಿಂದ ಜಿಡಿಪಿಆರ್ ಆ ಒಪ್ಪಿಗೆಯ ಅರ್ಥವನ್ನು ಬಿಗಿ ಮಾಡಿತು, ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲವೆಂದು 2019ರ ಅಕ್ಟೋಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ನಾವು ಚೆನ್ನೈಯಲ್ಲೋ ದೆಹಲಿಯಲ್ಲೋ ಕೂತು ಅವರ ಕಾನೂನಿನ ಗುಂಡಿಗಳನ್ನು ಒತ್ತುತ್ತೇವೆ. ಬೇಡವೆಂದು ಒತ್ತಿದರೆ ಆ ‘ಬೇಡ’ವನ್ನು ನೆನಪಿಡುವುದೂ ಸಾಮಾನ್ಯವಾಗಿ ಒಂದು ಕುಕೀಯಲ್ಲೇ. ಸಲಹೆಯಂತೆ ಎಲ್ಲ ಅಳಿಸಿದರೆ ಅದೂ ಹೋಗಿ ಎಲ್ಲರೂ ಮತ್ತೆ ಮೊದಲಿನಿಂದ ಕೇಳಲು ಬರುತ್ತಾರೆ.

ನಮ್ಮದೇ ದಾರಿ ಬೇರೆ ಕಡೆಯಿಂದ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರದಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅದರ ಬೆನ್ನಿಗೆ ಬಂದ ಚರ್ಚೆಗಳ ಫಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ಒಪ್ಪಿಗೆ ಸ್ಪಷ್ಟ ಕ್ರಿಯೆಯಿಂದ ಆಗಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎನ್ನುತ್ತದೆ ಅದು. ಇನ್ನೂ ಒಂದು ಮಾತಿದೆ, ಅದರ ಬಗ್ಗೆ ಚರ್ಚೆ ಕಡಿಮೆ: ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು. ಅಂದರೆ ಕನ್ನಡದಲ್ಲೂ, ಕೇಳುವವರು ಮುಂಬೈಯಲ್ಲಿದ್ದರೂ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಆ ಪಟ್ಟಿಗಳಿಗೆ ಕನ್ನಡ ಬರೆಯುವವರು ಯಾರೋ ‘ಕುಕೀ’ಗೆ ಒಂದು ಪದ ಆರಿಸಬೇಕಾಗುತ್ತದೆ. ‘ಕುಕೀ’ ಎಂದೇ ಇಟ್ಟು, ಅದೇನೆಂದು ಕೆಳಗೆ ಒಂದು ಸಾಲು ಬರೆದರೆ ಸಾಕು ಅನ್ನಿಸುತ್ತದೆ ನನಗೆ.